ಹೈಲೈಟ್ಸ್ ಕಿತ್ತಳೆ ಬಣ್ಣಕ್ಕೆ ತಿರುಗಿದೆ: ಮನೆಯಲ್ಲೇ ಟೋನರ್ ಹಚ್ಚಬಹುದೇ, ಪಾರ್ಲರಿಗೇ ಹೋಗಬೇಕೇ?

ಪ್ರಶ್ನೆ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಊರಿನ ಪಾರ್ಲರೊಂದರಲ್ಲಿ ಬ್ಲಾಂಡ್ ಹೈಲೈಟ್ಸ್ ಮಾಡಿಸಿಕೊಂಡೆ. ಮೊದಮೊದಲು ಬೂದಿ ಮಿಶ್ರಿತ ತಿಳಿ ಬಣ್ಣ ಚೆನ್ನಾಗಿಯೇ ಕಾಣುತ್ತಿತ್ತು. ತಲೆಗೆ ನೀರು ಹಾಕಿಕೊಂಡಂತೆಲ್ಲ ಅದು ಇಳಿದು, ಈಗ ಭುಜದವರೆಗಿನ ಎಳೆಗಳು ಹಳದಿಯಾಗಿವೆ. ಅಲ್ಲಿಂದ ಕೆಳಕ್ಕೆ ಗೆರೆ ಎಳೆದ ಹಾಗೆ ಕಿತ್ತಳೆ. ನೇರಳೆ ಶಾಂಪೂ ತರಿಸಿ ಬಳಸುತ್ತಿದ್ದೇನೆ. ಮೇಲಿನ ಹಳದಿ ತುಸು ತಗ್ಗಿದೆಯೇ ಹೊರತು ಕೆಳಗಿನ ಕಿತ್ತಳೆ ಜಪ್ಪಯ್ಯ ಎನ್ನುತ್ತಿಲ್ಲ. ಟೋನರ್ (ಬ್ಲೀಚ್ ಆದ ಕೂದಲಿನ ಛಾಯೆ ತಿದ್ದುವ ಬಣ್ಣ) ತರಿಸಿ ನಾನೇ ಹಚ್ಚಿಕೊಳ್ಳಲೇ, ಮೈಸೂರಿಗೆ ಬಂದು ಬಲ್ಲವರಿಗೆ ತೋರಿಸಲೇ? ಬಟ್ಟೆಗೆ ಹಾಕುವ ನೀಲಿಯನ್ನು ಕಂಡಿಷನರಿಗೆ ಬೆರೆಸಿ ಹಚ್ಚು ಎಂದು ಅತ್ತಿಗೆ ಹೇಳುತ್ತಿದ್ದಾರೆ, ಅದು ಸರಿಯೇ?

ಉತ್ತರ (ಮೈಸೂರು, ಸಲೂನಿನಲ್ಲಿ ಬಣ್ಣದ ಕೆಲಸ)
ನಮಸ್ಕಾರ ಮೇಡಂ. ನೀಲಿಯ ವಿಷಯ ಮೊದಲು: ದಯವಿಟ್ಟು ಬೇಡ. ಅದು ಬಟ್ಟೆಗಾಗಿ ಮಾಡಿದ್ದು, ನೆತ್ತಿಗಲ್ಲ. ಬ್ಲೀಚ್ ಆದ ಕೂದಲು ಅದನ್ನು ಒಂದೆಡೆ ಹೀರಿಕೊಂಡು ಇನ್ನೊಂದೆಡೆ ಬಿಟ್ಟು ತೇಪೆ ತೇಪೆಯಾಗುತ್ತದೆ.

ನಮ್ಮ ಕಪ್ಪು ಕೂದಲಿನಲ್ಲಿ ಯೂಮೆಲನಿನ್ ಎಂಬ ಕಪ್ಪು-ಕಂದು ವರ್ಣದ್ರವ್ಯ ಹೇರಳವಾಗಿದ್ದು, ಜೊತೆಗೆ ಫಿಯೋಮೆಲನಿನ್ ಎಂಬ ಕೆಂಪು-ಹಳದಿ ವರ್ಣದ್ರವ್ಯವೂ ಇರುತ್ತದೆ. ಬ್ಲೀಚಿಗೆ ಮೊದಲನೆಯದು ಬೇಗ ಕರಗುತ್ತದೆ, ಎರಡನೆಯದು ಹಟ ಹಿಡಿಯುತ್ತದೆ. ಆದ್ದರಿಂದಲೇ ಕಪ್ಪು ಕೂದಲು ಬಿಳುಪಾಗುವಾಗ ಕೆಂಪು, ಕಿತ್ತಳೆ, ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತೆಳು ಹಳದಿ, ಹೀಗೆ ಮೆಟ್ಟಿಲು ಹತ್ತುತ್ತದೆ. ನಾವು ಕೂದಲನ್ನು 1ರಿಂದ 10ರವರೆಗೆ ಅಳೆಯುತ್ತೇವೆ. 1 ಅಚ್ಚ ಕಪ್ಪು, 10 ಅತಿ ತಿಳಿ. ಕಿತ್ತಳೆಯೆಂದರೆ ಹೆಚ್ಚುಕಡಿಮೆ 6 ಅಥವಾ 7, ಹಳದಿಯೆಂದರೆ 9ರ ಆಸುಪಾಸು. ಬಣ್ಣದ ಚಕ್ರದಲ್ಲಿ ಹಳದಿಗೆ ಎದುರು ನಿಲ್ಲುವುದು ನೇರಳೆ, ಕಿತ್ತಳೆಗೆ ಎದುರು ನೀಲಿ. ನೇರಳೆ ಶಾಂಪೂ ಕೆಳಭಾಗದಲ್ಲಿ ಸೋತದ್ದು ಶಾಂಪೂವಿನ ದೋಷವಲ್ಲ. ನೀಲಿ ಛಾಯೆಯ ಟೋನರ್ ಹಚ್ಚಿದರೂ ಆ ಭಾಗ ಬೂದು ಕಂದಾದೀತು, ಬ್ಲಾಂಡ್ ಆಗದು. ಟೋನರ್ ಛಾಯೆಯನ್ನು ತಿದ್ದುತ್ತದೆ, ಮೆಟ್ಟಿಲು ಹತ್ತಿಸುವುದಿಲ್ಲ.

ನನಗೆ ಅನುಮಾನ ಬಂದದ್ದು ನೀವು ಹೇಳಿದ ಗೆರೆಯ ಮೇಲೆ. ಕೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಬೆಳೆಯುತ್ತದೆ. ನೆತ್ತಿಯಿಂದ ಭುಜದವರೆಗೆ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಎರಡು ವರ್ಷಗಳ ಹಿಂದಿನವರೆಗೆ ನೀವು ಕೂದಲಿಗೆ ಏನನ್ನೋ ಹಚ್ಚುತ್ತಿದ್ದು, ಆಮೇಲೆ ನಿಲ್ಲಿಸಿರಬೇಕು. ಏನದು?

ಪ್ರಶ್ನೆ ಕೇಳಿದವರು
ನೀವು ಹೇಳಿದ್ದು ನಿಜ. ಕಾಲೇಜು ಮುಗಿಯುವವರೆಗೂ ಅಂಗಡಿಯಲ್ಲಿ ಸಿಗುವ ಕಪ್ಪು ಮೆಹೆಂದಿ ಪುಡಿಯನ್ನು ಕಲಸಿ ಹಚ್ಚುತ್ತಿದ್ದೆ. ಪಾರ್ಲರಿನಲ್ಲಿ ಯಾರೂ ಆ ಬಗ್ಗೆ ಕೇಳಲಿಲ್ಲ. ನನಗೂ ಹೇಳಬೇಕೆಂದು ಹೊಳೆಯಲಿಲ್ಲ.

ಉತ್ತರ (ಮೈಸೂರು, ಬೋಗಾದಿ)
ನೀರನ್ನೂ ಗಮನಿಸಿ. ನಮ್ಮ ಬಡಾವಣೆಯದು ಬೋರ್‌ವೆಲ್ ನೀರು. ಗೀಸರಿನ ಕಾಯಿಲ್ ಮೇಲೂ ಬಕೆಟ್ಟಿನ ಒಳಮೈಯಲ್ಲೂ ಉಗುರಿನಿಂದ ಕೆರೆದರೆ ಏಳುವಂಥ ಬಿಳಿ ಪದರ ಕಟ್ಟುತ್ತದೆ. ಗಡಸು ನೀರಿನ ಸುಣ್ಣ, ಕಬ್ಬಿಣದ ಅಂಶಗಳು ಬ್ಲೀಚ್ ಆದ ಕೂದಲಿನಲ್ಲಿ ಕೂತು ಬಣ್ಣ ಕೆಡಿಸುತ್ತವೆ. ಅಂಥ ಖನಿಜ ತೆಗೆಯುವ ಕೀಲೇಟಿಂಗ್ ಶಾಂಪೂವಿನಿಂದ ಮೊದಲು ತೊಳೆದು, ಆಮೇಲೆ ನಿಜವಾದ ಬಣ್ಣ ಯಾವುದೆಂದು ನೋಡುವುದು ಲೇಸು.

ಉತ್ತರ (ಮೈಸೂರು, ಸಲೂನಿನಲ್ಲಿ ಬಣ್ಣದ ಕೆಲಸ)
ನೀರಿನ ಮಾತು ಒಪ್ಪತಕ್ಕದ್ದೇ, ಆದರೆ ನೀರು ಭುಜದ ಮಟ್ಟದಲ್ಲಿ ಗೆರೆ ಎಳೆಯುವುದಿಲ್ಲ. ಅದು ಮೆಹೆಂದಿಯದೇ ಕೆಲಸ. ಗೋರಂಟಿಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡರೆ ಬ್ಲೀಚಿಗೂ ಸುಲಭಕ್ಕೆ ಬಿಡದು. ಕಪ್ಪು ಮೆಹೆಂದಿಯಲ್ಲಿ ಅದರ ಜೊತೆಗೆ ಪಿಪಿಡಿ ಎಂಬ ಡೈ, ಕೆಲವು ಪುಡಿಗಳಲ್ಲಿ ಲೋಹದ ಲವಣಗಳೂ ಇರುತ್ತವೆ. ಲೋಹದ ಲವಣವಿರುವ ಕೂದಲಿಗೆ ಬ್ಲೀಚಿನಲ್ಲಿರುವ ಪೆರಾಕ್ಸೈಡ್ ತಗುಲಿದರೆ ಅದು ಬಿಸಿಯಾಗಿ ತುಂಡಾಗುವುದುಂಟು. ಒಮ್ಮೆ ಬ್ಲೀಚ್ ಆಗಿ ಉಳಿದುಕೊಂಡಿದೆ ಎಂಬ ಧೈರ್ಯದಿಂದ ಇನ್ನೊಮ್ಮೆ ಮನೆಯಲ್ಲಿ ಬ್ಲೀಚ್ ಹಾಕಬೇಡಿ. ಕೆಳಭಾಗವನ್ನು ಬಲ್ಲವರಿಗೇ ಬಿಡಿ. ಮೆಹೆಂದಿಯ ವಿಷಯವನ್ನು ಅವರಿಗೆ ನೀವಾಗಿಯೇ ಹೇಳಿ, ಕೆಲವೇ ಎಳೆಗಳ ಮೇಲೆ ಪರೀಕ್ಷೆ ಮಾಡಿದ ಮೇಲೆ ಮುಂದುವರಿಯುವಂತೆ ಕೇಳಿ. ನನ್ನನ್ನು ಕೇಳಿದರೆ, ಅಲ್ಲಿ ಬ್ಲಾಂಡಿನ ಆಸೆ ಬಿಟ್ಟು 6ರ ಮಟ್ಟದ ಬೂದು ಕಂದು ಬಣ್ಣ ಹಾಕಿಸಿ, ಮೇಲಿನ ತಿಳಿ ಎಳೆಗಳೊಂದಿಗೆ ಬೆರೆಯುವಂತೆ ಮಾಡಿಸುವುದು ಕೂದಲಿಗೂ ಕೈಚೀಲಕ್ಕೂ ಹಿತ.

ಮೇಲಿನ ಹಳದಿಯನ್ನು ನೀವೇ ನೋಡಿಕೊಳ್ಳಬಹುದು. ಟ್ಯೂಬ್‌ಲೈಟಿನಡಿ ಅಲ್ಲ, ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ, ಒಂದು ಎಳೆಯನ್ನು ಬಿಳಿ ಟವೆಲಿನ ಮೇಲಿಟ್ಟು ಬಣ್ಣ ನೋಡಿ. ಅದೇ ಎಳೆಯನ್ನು ಒದ್ದೆ ಮಾಡಿ ಮೆಲ್ಲಗೆ ಜಗ್ಗಿ; ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂದರೆ ಸರಿ, ಹಿಗ್ಗಿ ಹಾಗೆಯೇ ಜೋತುಬಿದ್ದರೆ ಕೂದಲಿನ ಶಕ್ತಿ ಸೋರಿಹೋಗಿದೆ ಎಂದರ್ಥ, ಟೋನರನ್ನೂ ಮುಂದಕ್ಕೆ ಹಾಕಬೇಕು. ಕೂದಲು ಗಟ್ಟಿಯಾಗಿದ್ದರೆ ಅಮೋನಿಯಾ ಇಲ್ಲದ ನೇರಳೆ ಛಾಯೆಯ ಡೆಮಿ-ಪರ್ಮನೆಂಟ್ (ತೊಳೆದಂತೆ ನಿಧಾನವಾಗಿ ಇಳಿಯುವ) ಟೋನರನ್ನು, ಬಣ್ಣ ಹಿಡಿಯಲು ಬೆರೆಸುವ 3% ಪೆರಾಕ್ಸೈಡಿನ ಅಂದರೆ 10 ವಾಲ್ಯೂಮ್ ಡೆವಲಪರಿನೊಂದಿಗೆ ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಯಲ್ಲೇ ಕಲಸಿ. 20 ವಾಲ್ಯೂಮ್ ಬಳಸಿದರೆ ಹೈಲೈಟ್ಸ್ ನಡುವಿನ ಕಪ್ಪು ಕೂದಲೂ ಕೆಂಪಾದೀತು. ಕೆಳಭಾಗವನ್ನು ಜಡೆ ಹೆಣೆದು ಪ್ಲಾಸ್ಟಿಕ್ ಸುತ್ತಿ ದೂರವಿಡಿ, ಐದೈದು ನಿಮಿಷಕ್ಕೆ ಒಂದು ಎಳೆ ಒರೆಸಿ ನೋಡುತ್ತಿರಿ, ಬಣ್ಣ ಸಾಕೆನಿಸಿದೊಡನೆ ತೊಳೆಯಿರಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಮೆಹೆಂದಿಯಿಂದ ನನಗೆ ಎಂದೂ ತುರಿಕೆ ಬಂದಿಲ್ಲ. ಆದರೂ ಟೋನರಿಗೆ ಚರ್ಮದ ಪರೀಕ್ಷೆ ಮಾಡಲೇಬೇಕೇ?

ಉತ್ತರ (ಮೈಸೂರು, ಸಲೂನಿನಲ್ಲಿ ಬಣ್ಣದ ಕೆಲಸ)
ಮಾಡಲೇಬೇಕು. ಪಿಪಿಡಿ ಅಲರ್ಜಿ ಎಷ್ಟೋ ಬಾರಿ ಹಚ್ಚಿದ ಮೇಲೂ ಹೊಸದಾಗಿ ಹುಟ್ಟಿಕೊಳ್ಳಬಹುದು, ಅದೇ ಜಾತಿಯ ಡೈಗಳು ಟೋನರಿನಲ್ಲೂ ಇರುತ್ತವೆ. ಮೊಣಕೈಯ ಒಳಬದಿಗೆ ಚೂರು ಹಚ್ಚಿ 48 ಗಂಟೆ ಕಾಯಿರಿ. ಕೆಂಪಾದರೆ, ಊದಿಕೊಂಡರೆ ಆ ಪ್ಯಾಕೆಟ್ಟನ್ನು ಬದಿಗಿಟ್ಟು ಚರ್ಮದ ವೈದ್ಯರನ್ನು ಕಾಣಿ.