ಎರಡು ಸಲ ಸತ್ತ ಸೈನಿಕ ಮತ್ತು 15 ಕೆಜಿ ರಕ್ತ

“ಕಾರ್ಗಿಲ್‌ನಾಗೆ ನೀಲಗಿರಿ ತೋಪು ಎಲ್ಲೈತಪ್ಪಾ?” ಅಂತ ಹವಾಲ್ದಾರ್ ಚಿಕ್ಕಪ್ಪ ಕೇಳಿದ್ದೇ ತಡ, ನಾಗನ ಮುಖ ಸಪ್ಪಗಾಯಿತು.

ಕೋಲಾರದ ಅಂತರಗಂಗೆ ರಸ್ತೆಯಲ್ಲಿ ಪದ್ಮಕ್ಕನ ಟೀ ಅಂಗಡಿ. ನಾವೆಲ್ಲ ಹಿಂದಿನ ರಾತ್ರಿ ಸೆಕೆಂಡ್ ಶೋಗೆ ಹೋಗಿ ಬಂದಿದ್ದೆವು. ನಮ್ಮ ಕಡೆಯ ಹುಡುಗರೇ ಸೇರಿ ತೆಗೆದ ಯುದ್ಧದ ಸಿನಿಮಾ, 1999ರ ಕಾರ್ಗಿಲ್ ಕಥೆ. ಬಜೆಟ್ಟು ಎಷ್ಟು ಅಂತ ಯಾರೂ ಬಾಯಿ ಬಿಡುತ್ತಿಲ್ಲ. ತೆರೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ನಾಗನ ಭಾಮೈದ ಅದರಲ್ಲಿ ಪಾರ್ಟು ಮಾಡಿದ್ದಾನೆ, ಅದಕ್ಕೇ ಟಿಕೆಟ್ ದುಡ್ಡು ನಾಗನದ್ದು, ಬೈಯುವ ಹಕ್ಕು ಮಾತ್ರ ನಮ್ಮದು.

“ಚಿಕ್ಕಪ್ಪಾ, ಕೋಲಾರದಾಗೆ ಕ್ಯಾಮೆರಾ ಯಾವ ಕಡೆ ತಿರುಗಿಸಿದ್ರೂ ನೀಲಗಿರೀನೇ ಬರೋದು. ಏನ್ಮಾಡಾಕಾಯ್ತದೆ?”

“ಅದಕ್ಕೇ ಹೇಳಿದ್ದು. ಆ ಕೆಜಿಎಫ್ ಸೈನೈಡ್ ಗುಡ್ಡದ ಮ್ಯಾಲೆ ತೆಗೆದಿದ್ದು ನೋಡು, ಅದು ಭೇಷಾಗೈತೆ. ದ್ರಾಸ್ ಕಡೆ ಬೆಟ್ಟ ಅಂಗೇ ಬೋಳು. ಒಂದು ಹಸಿರು ಕಡ್ಡಿ ಇರಲ್ಲ.”

ಹವಾಲ್ದಾರ್ ಚಿಕ್ಕಪ್ಪ ಸೈನ್ಯದ ಎಂಇಜಿಯವರು, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಹಲಸೂರು ಕೆರೆ ಪಕ್ಕ ಟ್ರೈನಿಂಗ್ ಮುಗಿಸಿ ಲಡಾಖ್ ಕಡೆ ಇದ್ದು ಬಂದವರು. ಸುಮ್ಮನೆ ಹೊಗಳುವ ಆಸಾಮಿಯಲ್ಲ. ಸೈನೈಡ್ ಗುಡ್ಡ ಅಂದರೆ ಚಿನ್ನ ತೆಗೆದಮೇಲೆ ಉಳಿದ ಮಣ್ಣಿನ ಗುಡ್ಡೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಗಾಳಿಗೆ ದೂಳೆಬ್ಬಿಸಿ ಊರಿನವರ ಪ್ರಾಣ ತಿನ್ನುವುದೊಂದೇ ಅದಕ್ಕಿದ್ದ ಕೆಲಸ. ಈಗ ಲಡಾಖ್ ಆಗಿ ನಾಲ್ಕು ಕಾಸು ದುಡಿಯುತ್ತಿದೆ.

“ಟ್ಯಾಂಕು ಹೆಂಗಿತ್ತು ಚಿಕ್ಕಪ್ಪಾ?” ಅಂದ ನಾಗ, ಹೊಗಳಿಕೆಯ ಧೈರ್ಯದಲ್ಲಿ. ಕೇಳಬಾರದಿತ್ತು.

“ಅಷ್ಟು ಎತ್ತರದ ಬೆಟ್ಟಕ್ಕೆ ಟ್ಯಾಂಕ್ ಯಾಕಪ್ಪ ಹತ್ತುತ್ತೆ? ಅಲ್ಲಿ ಮಾತಾಡಿದ್ದು ಬೋಫೋರ್ಸ್ ಫಿರಂಗಿ.”

“ಅದು ಟ್ಯಾಂಕೂ ಅಲ್ಲ,” ಅಂದ ಮಂಡಿ ಸೀನ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು, ಕಣ್ಣು ಬಲು ಚುರುಕು. “ಟ್ರ್ಯಾಕ್ಟರ್‌ಗೆ ರಟ್ಟು ಹೊಡೆದು ಬೋರ್‌ವೆಲ್ ಪೈಪು ಕಟ್ಟವ್ರೆ. ಪೈಪಿನ ಮ್ಯಾಲೆ ಐಎಸ್‌ಐ ಮಾರ್ಕು ಕಾಣಿಸ್ತಿತ್ತು. ಪಕ್ಕದ ಕೆಜಿಎಫ್‌ನಾಗೆ ಮಿಲಿಟ್ರಿ ಗಾಡಿ ಮಾಡೋ ಬೆಮೆಲ್ ಫ್ಯಾಕ್ಟ್ರಿ ಇಟ್ಕೊಂಡು ಇಂಥಾ ಗತಿನಾ?”

“ಬೆಮೆಲ್‌ನೋರು ಬಾಡಿಗೆಗೆ ಕೊಡ್ತಾರೇನೋ?”

“ರಕ್ತ ಮಾತ್ರ ಧಾರಾಳ ಕಣೋ. ಯಾವ ಕಾಲದಾಗೆ ಶೂಟಿಂಗ್ ಮಾಡವ್ರೆ ಅಂತ ನಂಗೆ ಅಲ್ಲೇ ಗೊತ್ತಾಯ್ತು. ರೇಟು ಬಿದ್ದು ಜನ ರಸ್ತೆಗೆ ಸುರೀತಾರಲ್ಲ, ಅವಾಗ. 2023ರ ಜುಲೈನಾಗೆ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಆ ತಿಂಗಳು ತೆಗೆದಿದ್ರೆ ಹೀರೋಗೆ ಒಂದು ತರಚು ಗಾಯಾನೂ ಆಗ್ತಿರ್ಲಿಲ್ಲ.”

ಪದ್ಮಕ್ಕ ನಕ್ಕಿದ್ದಕ್ಕೆ ಹಾಲು ಉಕ್ಕಿತು. ಅದನ್ನೂ ಸಿನಿಮಾದ ಲೆಕ್ಕಕ್ಕೇ ಬರೆದಳು.

ಆಮೇಲೆ ಗ್ರೆನೇಡಿನ ವಿಚಾರ ಬಂತು. ಇಲ್ಲಿ ಚಿಕ್ಕಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ಹಲ್ಲಾಗೆ ಪಿನ್ನು ಎಳೀತಾನೆ. ಎಳೆದು ನೋಡ್ಲಿ, ಪಿನ್ನು ಬರಲ್ಲ, ಹಲ್ಲು ಬತ್ತದೆ. ಹೋಗ್ಲಿ, ಎಳೆದ. ಲಿವರ್ ಬಿಟ್ಟಮ್ಯಾಕೆ ನಾಲ್ಕು ಸೆಕೆಂಡು ಅಷ್ಟೆ. ಇವನು ಲಿವರ್ ಬಿಟ್ಟು, ಗ್ರೆನೇಡ್ ಕೈಯಾಗೇ ಹಿಡ್ಕೊಂಡು ತಾಯಿ, ತಾಯ್ನೆಲ, ತಾಯ್ನುಡಿ ಅಂತ ಭಾಷಣ ಬಿಗೀತಾನೆ. ಅಷ್ಟರಾಗೆ ಇವನೂ ಇರಲ್ಲ, ತಾಯ್ನುಡೀನೂ ಮುಗಿಯಲ್ಲ.”

“ಸಿನಿಮಾ ಚಿಕ್ಕಪ್ಪಾ ಅದು...”

“ಒಡೆದಾಗ ಆ ಬೆಂಕಿ ಯಾತಕ್ಕೆ? ನಿಜವಾದ ಗ್ರೆನೇಡ್ ಒಡೆದ್ರೆ ದೂಳು, ಹೊಗೆ, ಕಬ್ಬಿಣದ ಚೂರು. ಅಷ್ಟೇ. ಇವರು ಪೆಟ್ರೋಲ್ ಸುರಿದು ಉರಿಸವ್ರೆ. ಲೀಟರ್‌ಗೆ ನೂರು ದಾಟೈತೆ! ಕೋಲಾರದಾಗೆ ದೂಳಿಗೇನು ಬರ ಬಂದೈತಾ? ಪುಕ್ಸಟ್ಟೆ ಸಿಗೋ ನಿಜಾನ ಬಿಟ್ಟು ದುಡ್ಡು ಕೊಟ್ಟು ಸುಳ್ಳು ತಂದವ್ರೆ.”

ನನಗೆ ಇಡೀ ಸಂಜೆಯಲ್ಲಿ ಸರಿಯೆನಿಸಿದ ವಿಮರ್ಶೆ ಇದೊಂದೇ. ಬಡತನ ಈ ಸಿನಿಮಾದ ದೋಷವಲ್ಲ. ಇದ್ದ ಚೂರುಪಾರು ದುಡ್ಡನ್ನು ಹೀರೋನ ಸ್ಲೋಮೋಷನ್‌ಗೂ ಪೆಟ್ರೋಲಿಗೂ ಸುರಿದರಲ್ಲ, ಅಲ್ಲಿ ಕೆಟ್ಟಿತು. ಅವನ ಎಕೆ-47 ಒಂದು ಹಾಡು ಪೂರ್ತಿ ಗುಂಡು ಉಗುಳುತ್ತದೆ. ಮ್ಯಾಗಜಿನ್‌ನಲ್ಲಿರುವುದು 30 ಗುಂಡು, ಟ್ರಿಗರ್ ಒತ್ತಿ ಹಿಡಿದರೆ ಮೂರು ಸೆಕೆಂಡಿಗೆ ಖಾಲಿ, ಪಲ್ಲವಿಯ ಮೊದಲ ಪದವೂ ದಾಟುವುದಿಲ್ಲ. ಇಂಟರ್ವಲ್‌ಗೆ ಮುಂಚೆ ಅವನ ಭುಜದ ಮೇಲೆ ಮೂರು ನಕ್ಷತ್ರ, ಆಮೇಲೆ ಎರಡು. ಕ್ಯಾಪ್ಟನ್ ಸಾಹೇಬರು ಶತ್ರುವನ್ನು ಹೊಡೆದಷ್ಟೂ ಡಿಮೋಷನ್ ಆಗುತ್ತಾ ಹೋದರು. ಕೊನೆಗೆ ಶಿಖರದ ಮೇಲೆ ಬಾವುಟ ನೆಟ್ಟು ಅಂಗೈ ನೆಲದ ಕಡೆ ಮಾಡಿ ಸೆಲ್ಯೂಟ್ ಹೊಡೆದಾಗ ಚಿಕ್ಕಪ್ಪ ಥಿಯೇಟರಲ್ಲೇ ಕೂಗಿದ್ದರು: “ಲೇ, ಅದು ನೇವಿ ಸೆಲ್ಯೂಟು! ಹಡಗು ಎಲ್ಲಲೇ?”

“ನನ್ನ ಭಾಮೈದನ ಆಕ್ಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ,” ಅಂದ ನಾಗ, ನೊಂದ ದನಿಯಲ್ಲಿ.

“ಯಾವನು, ಕೈಗೆ ಕಾಶಿದಾರ ಕಟ್ಕೊಂಡೋನಾ?” ಸೀನ ಲೋಟ ಕೆಳಗಿಟ್ಟ. “ಫಸ್ಟ್ ಹಾಫ್‌ನಾಗೆ ಅವನು ಪಾಕಿಸ್ತಾನದೋನು. ಹೀರೋ ಗುಂಡಿಗೆ ಸತ್ತ. ಸೆಕೆಂಡ್ ಹಾಫ್‌ನಾಗೆ ಅದೇ ದಾರ, ಅದೇ ಮೀಸೆ, ನಮ್ಮ ಯೂನಿಫಾರಂ. ಹೀರೋ ತೊಡೆ ಮ್ಯಾಲೆ ಮತ್ತೆ ಸತ್ತ. ಹೀರೋ ‘ನನ್ನ ತಮ್ಮಾ’ ಅಂತ ಅಳ್ತಾನೆ. ಬೆಳಿಗ್ಗೆ ನೀನೇ ಹೊಡೆದ್ಯಲ್ಲೋ!”

“ಎರಡು ಕಡೆಗೂ ಜನ ಎಲ್ಲಿಂದ ತರ್ತಾರಣ್ಣ? ಇದ್ದೋರು ಹದಿನಾರು ಜನ. ಅದರಾಗೆ ನಾಲ್ಕು ಜನ ಕ್ಯಾಮೆರಾ ಹಿಂದೆ ಇರಬೇಕು.”

“ಕೋತಿ ಚೆನ್ನಾಗಿ ಮಾಡೈತೆ,” ಅಂದರು ಚಿಕ್ಕಪ್ಪ. ಕ್ಲೈಮ್ಯಾಕ್ಸ್ ಅಂತರಗಂಗೆ ಗುಹೆಯಲ್ಲಿ. ಶತ್ರು ಕರ್ನಲ್ ಮ್ಯಾಪು ಹರಡಿಕೊಂಡು ಸಂಚು ಹೂಡುವಾಗ ಹಿಂದಿನ ಬಂಡೆ ಮೇಲೆ ಒಂದು ಕೋತಿ ಕಡಲೆಕಾಯಿ ಸುಲಿಯುತ್ತಾ ಕೂತಿದೆ. ಇಡೀ ಸೀನಲ್ಲಿ ಕ್ಯಾಮೆರಾ ನೋಡದೆ ಇದ್ದದ್ದು ಅದೊಂದೇ.

ಪದ್ಮಕ್ಕ ಅಲ್ಲಿಯತನಕ ಸುಮ್ಮನಿದ್ದವಳು ಸೌಟು ಕುಕ್ಕಿದಳು. “ಗಂಡಸ್ರು ಬರೀ ಗನ್ನು ಗುಂಡು ಲೆಕ್ಕ ಹಾಕ್ತಾ ಕೂತ್ಕೊಂಡ್ರಿ. ಮೋಂಬತ್ತಿ ಸೀನು ಯಾರೂ ನೋಡ್ಲಿಲ್ವಾ?”

ನೋಡಿದ್ದೆವು. ಬಂಕರಿನಲ್ಲಿ ಇಬ್ಬರು ಹುಡುಗರು, ಒಂದು ಮೋಂಬತ್ತಿ. ಒಬ್ಬನಿಗೆ ಓದು ಬಾರದು, ಇನ್ನೊಬ್ಬ ಅವನ ಹೆಂಡತಿಯ ಕಾಗದ ಓದುತ್ತಾನೆ. ಹಸು ಕರು ಹಾಕಿದ್ದು, ಬೋರು ಕೆಟ್ಟದ್ದು, ಅತ್ತೆಯ ಮೊಣಕಾಲು. ಸಂಗೀತ ಇಲ್ಲ, ಬಹುಶಃ ಅದಕ್ಕೂ ದುಡ್ಡು ಮುಗಿದಿತ್ತು. ಕೊನೆಯ ಎರಡು ಸಾಲನ್ನು ಅವನು ಜೋರಾಗಿ ಓದದೆ ಕಾಗದವನ್ನು ಅವನ ಕೈಗೇ ಕೊಡುತ್ತಾನೆ. ಥಿಯೇಟರಲ್ಲಿ ಶಿಳ್ಳೆ ಹೊಡೆಯುವವರೂ ತೆಪ್ಪಗಾಗಿದ್ದರು.

“ಅದರ ಮ್ಯಾಲೆ ‘ಕೇರಾಫ್ 56 ಎಪಿಓ’ ಅಂತ ಬರೆದಿತ್ತು,” ಅಂದರು ಚಿಕ್ಕಪ್ಪ. “ಅದು ಸರಿ. ಎಪಿಓ ಅಂದ್ರೆ ಮಿಲಿಟ್ರಿ ಪೋಸ್ಟಾಫೀಸು. ನಾವು ಗಡಿ ಕಡೆ ಎಲ್ಲಿದ್ರೂ ಅಡ್ರೆಸ್‌ನಾಗೆ ಊರಿನ ಹೆಸರು ಬರಲ್ಲ. ನಮ್ಮವಳು ಅದ್ಯಾವುದೋ ಊರು ಅನ್ಕೊಂಡಿದ್ಲು. ಅಲ್ಲಿ ಸೀರೆ ಚೆನ್ನಾಗಿ ಸಿಕ್ತಾವಾ ಅಂತ ಕೇಳಿ ಬರೆದಿದ್ಲು.”

“ಅಂಗಾದ್ರೆ ಸಿನಿಮಾ ಚೆನ್ನಾಗೈತೆ ಅನ್ನಿ!” ನಾಗ ಎದ್ದೇ ನಿಂತ.

“ಹತ್ತು ನಿಮಿಷ ಚೆನ್ನಾಗೈತೆ. ಮಿಕ್ಕಿದ್ದು ಪೆಟ್ರೋಲು.”

ನಾಗನಿಗೆ ಹತ್ತು ನಿಮಿಷ ಸಾಕಾಗಿತ್ತು. ಎರಡನೇ ಭಾಗಕ್ಕೆ ಈಗಾಗಲೇ ಸ್ಕ್ರಿಪ್ಟ್ ರೆಡಿ ಇದೆಯಂತೆ, ಈ ಸಲ ಜನ ಜಾಸ್ತಿ ಬೇಕಂತೆ, ಸಾಯುವ ಪಾರ್ಟಿಗೆ ದಿನಕ್ಕೆ ಐನೂರು, ಮೇಲೆ ಮುದ್ದೆ ಊಟ.

ಮಂಡಿ ಸೀನ ಜೇಬಿನಿಂದ ಪೆನ್ನು ತೆಗೆದ. “ಎರಡೂ ಕಡೆಯಿಂದ ಸತ್ರೆ?”

“ಸಾವಿರ.”

“ಊಟ?”

“ಊಟ ಒಂದೇ.”

“ನೀನು ಯಾವ ಕಡೆ ಬೇಕಾದ್ರೂ ಸಾಯಿ,” ಅಂದಳು ಪದ್ಮಕ್ಕ, “ಮೊದ್ಲು ಹೋದ ತಿಂಗಳ ಟೀ ಬಾಕಿ ಕೊಟ್ಟು ಹೋಗು.”