ಕೇಹಾನ್ 5000: ಐದು ಬಾಗಿಲು ಯಾಕೆ, ಸೀಟು ಚಾವಣಿಗೆ ಹೋಗುತ್ತಿದ್ದದ್ದು ಹೇಗೆ?

ಹಳಿಜೋಡಿ (ಪ್ರಶ್ನೆ):
ಒಸಾಕಾ–ಕ್ಯೋಟೋ ನಡುವೆ ಓಡುವ ಕೇಹಾನ್ ಖಾಸಗಿ ರೈಲ್ವೆಯ 5000 ಸರಣಿಯ ಗಾಡಿಯನ್ನು 1/150 ಅಳತೆಯಲ್ಲಿ ಕಟ್ಟುತ್ತಿದ್ದೇನೆ. ಬೋಗಿಯ ಒಂದೊಂದು ಬದಿಗೂ ಐದು ಬಾಗಿಲು. ಕೆಲವು ಫೋಟೋಗಳಲ್ಲಿ 2 ಮತ್ತು 4ನೇ ಬಾಗಿಲಿಗೆ ಅಡ್ಡಲಾಗಿ ಸೀಟಿದೆ, ಕೆಲವುಗಳಲ್ಲಿ ಇಲ್ಲ. ಎರಡೂ ಒಂದೇ ಗಾಡಿಯೇ? ಒಳಾಂಗಣ ಮಾಡುವ ಮುಂಚೆ ಖಚಿತ ಮಾಡಿಕೊಳ್ಳಬೇಕು. ಇನ್ನೊಂದು ಪ್ರಶ್ನೆ: ಜನಸಂದಣಿಯೇ ಸಮಸ್ಯೆಯಾಗಿದ್ದರೆ ಇನ್ನೊಂದೆರಡು ಬೋಗಿ ಸೇರಿಸಬಹುದಿತ್ತಲ್ಲ?

ಚಾವಣಿ ಸೀಟು:
ಎರಡೂ ಒಂದೇ ಗಾಡಿ, ಹೊತ್ತು ಬೇರೆ. 2 ಮತ್ತು 4ನೇ ಬಾಗಿಲುಗಳು ಬೆಳಗಿನ ದಟ್ಟಣೆಗೆ ಮಾತ್ರ. ಆ ಬಾಗಿಲುಗಳ ಎದುರಿನ ಸೀಟು ಮೋಟಾರಿನ ಬಲದಿಂದ ನೆಟ್ಟಗೆ ಮೇಲೇರಿ ಚಾವಣಿಗೆ ಅಂಟಿದಂತೆ ನಿಲ್ಲುತ್ತಿತ್ತು. ಬೆಳಗಿನ ಓಟ ಮುಗಿದ ಮೇಲೆ, ಒಳಗೆ ಪ್ರಯಾಣಿಕರು ಯಾರೂ ಇಲ್ಲದಾಗ, ಸಿಬ್ಬಂದಿ ಅದನ್ನು ಕೆಳಗಿಳಿಸುತ್ತಿದ್ದರು. ಜನ ಕೂತಿರುವಾಗ ಇದು ನಡೆಯುತ್ತಿರಲಿಲ್ಲ. ಇಳಿದ ಸೀಟು ಅಕ್ಕಪಕ್ಕದ ಸ್ಥಿರ ಸೀಟುಗಳ ಜೊತೆ ಒಂದೇ ಸಾಲಾಗಿ ಕೂಡಿಕೊಂಡು 1ನೇ ಬಾಗಿಲಿನಿಂದ 3ರವರೆಗೆ, 3ರಿಂದ 5ರವರೆಗೆ ಉದ್ದನೆಯ ಬೆಂಚಾಗುತ್ತಿತ್ತು. ಆಮೇಲೆ ದಿನವಿಡೀ ಅದು ಮೂರು ಬಾಗಿಲಿನ ಗಾಡಿ.

ಮಾದರಿಗೆ ಬೇಕಾದ್ದು ಇಷ್ಟು: ಹಗಲಿನ ಗಾಡಿಯಾದರೆ 2, 4ರ ಗಾಜಿನ ಹಿಂದೆ ಸೀಟಿನ ಬೆನ್ನು ಕೂರಿಸಿ. ಬೆಳಗಿನ ಗಾಡಿಯಾದರೆ ಅಲ್ಲಿ ನೆಲ ಖಾಲಿ ಇರಲಿ, ಸೀಟನ್ನು ಬಾಗಿಲ ನೆತ್ತಿಯ ಮೇಲೆ ಚಾವಣಿಗೆ ಅಂಟಿಸಿ. ಒಂದೇ ಬೋಗಿಯಲ್ಲಿ ಒಂದು ಸೀಟು ಮೇಲೆ, ಒಂದು ಕೆಳಗೆ ಮಾಡಬೇಡಿ, ಹಾಗೆ ಓಡುತ್ತಿರಲಿಲ್ಲ.

ಆರ್ನೂರು ವೋಲ್ಟ್:
ಬೋಗಿ ಸೇರಿಸಲಾಗದ್ದಕ್ಕೆ ಕಾರಣ ವಿದ್ಯುತ್ತು. ಈ ಗಾಡಿ ಬಂದದ್ದು 1970ರಲ್ಲಿ. ಆಗ ಕೇಹಾನ್ ಮೇಲ್ತಂತಿಯಲ್ಲಿ ಇದ್ದದ್ದು 600 ವೋಲ್ಟ್ ಡಿಸಿ. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಶಕ್ತಿಗೆ ಹೆಚ್ಚು ಕರೆಂಟ್ ಎಳೆಯಬೇಕು: 1500 ವೋಲ್ಟಿನಲ್ಲಿ 100 ಆಂಪಿಯರ್ ಸಾಕಾಗುವ ಕಡೆ 600ರಲ್ಲಿ 250 ಬೇಕು. ತಂತಿಯಲ್ಲಿ ಸೋರುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಆ ನಷ್ಟ ಆರು ಪಟ್ಟು ದಾಟುತ್ತದೆ. ಒಂದರ ಹಿಂದೆ ಒಂದು ಗಾಡಿ ಓಡುವ ಬೆಳಗಿನ ಹೊತ್ತಿನಲ್ಲಿ ಸಬ್‌ಸ್ಟೇಷನ್‌ಗಳು ಏಳು ಬೋಗಿಗಿಂತ ಉದ್ದದ ಗಾಡಿಗಳನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ. 1500 ವೋಲ್ಟಿಗೆ ಬದಲಾದದ್ದು 1983ರ ಡಿಸೆಂಬರಿನಲ್ಲಿ. ಎಂಟು ಬೋಗಿಯ ಗಾಡಿಗಳು ಬಂದದ್ದೂ ಆಮೇಲೆಯೇ.

ಉದ್ದ ಹೆಚ್ಚಿಸಲಾಗದಿದ್ದರೆ ನಿಲ್ದಾಣದಲ್ಲಿ ನಿಲ್ಲುವ ಸಮಯ ಉಳಿಸಬೇಕು. ಲೆಕ್ಕ ನೋಡಿ: 7 ಬೋಗಿಗೆ ಮೂರರಂತೆ 21 ಬಾಗಿಲು, ಐದರಂತೆ 35. ಎಂಟನೇ ಬೋಗಿ ಸೇರಿಸಿದ್ದರೂ ಮೂರರಂತೆ 24 ಮಾತ್ರ. ಹತ್ತಿ ಇಳಿಯುವ ವೇಗಕ್ಕೆ ಐದು ಬಾಗಿಲೇ ದೊಡ್ಡ ಗೆಲುವು. ಜಪಾನಿನಲ್ಲಿ ಐದು ಬಾಗಿಲಿನ ಮೊದಲ ಗಾಡಿ ಇದೇ. ನನ್ನ ಮಟ್ಟಿಗೆ ಅಲ್ಲಿನ ಖಾಸಗಿ ರೈಲ್ವೆಗಳು ಕಟ್ಟಿದ ಅತ್ಯಂತ ಬುದ್ಧಿವಂತ ಗಾಡಿಯೂ ಹೌದು.

ಅಲ್ಯೂಮಿನಿಯಂ:
ಒಂದು ಮಾತು ಬಿಟ್ಟುಹೋಗಿದೆ: ತೂಕ. ಹೆಚ್ಚುವರಿ ಬಾಗಿಲಿನ ಯಂತ್ರ, ಸೀಟೆತ್ತುವ ಯಂತ್ರ, ಜೊತೆಗೆ ಎಸಿ, ಎಲ್ಲವೂ ಭಾರ. ಅದಕ್ಕೇ ಒಡಲು ಅಲ್ಯೂಮಿನಿಯಂ. ಆದರೆ ಬಣ್ಣ ಬಳಿದಿದ್ದರು, ಮಾದರಿಯನ್ನು ಬೆಳ್ಳಿ ಬಣ್ಣದಲ್ಲಿ ಬಿಡಬೇಡಿ. ಒಟ್ಟು ಏಳು ಗಾಡಿ, ಒಂದೊಂದಕ್ಕೆ ಏಳು ಬೋಗಿ.

ಹಳಿಜೋಡಿ:
ಧನ್ಯವಾದ. ಇಷ್ಟು ಒಳ್ಳೆಯ ಉಪಾಯವನ್ನು ಕೈಬಿಟ್ಟದ್ದು ಯಾಕೆ? ಹಸಿರಿನ ಎರಡು ಬಗೆಯ ಫೋಟೋಗಳಿವೆ, ಯಾವುದು ಸರಿ?

ಚಾವಣಿ ಸೀಟು:
ಕ್ಯೋಬಾಶಿ ನಿಲ್ದಾಣದ ಪ್ಲಾಟ್‌ಫಾರ್ಮ್ ಅಂಚಿಗೆ ಸುರಕ್ಷತೆಯ ಗೇಟು ಹಾಕುವ ಯೋಜನೆ ಬಂತು. ಗೇಟಿನ ಕಿಂಡಿ ಮೂರು ಬಾಗಿಲಿನ ಗಾಡಿಗಳ ಲೆಕ್ಕಕ್ಕೆ ಇರುತ್ತದೆ. 2 ಮತ್ತು 4 ತೆರೆದರೆ ಎದುರಿಗೆ ಬೇಲಿ. ಗಾಡಿಗಳಿಗೂ ಐವತ್ತು ವರ್ಷವಾಗಿತ್ತು. ಐದು ಬಾಗಿಲಿನ ಬಳಕೆ 2021ರ ಜನವರಿಯಲ್ಲಿ ನಿಂತಿತು, ಸೆಪ್ಟೆಂಬರಿನಲ್ಲಿ ಗಾಡಿಯೇ ನಿವೃತ್ತವಾಯಿತು. ಟೋಕಿಯೊದ ಯಾಮಾನೊತೆ ಮಾರ್ಗದ ಆರು ಬಾಗಿಲಿನ ಬೋಗಿಗಳನ್ನು ತೆಗೆದದ್ದೂ ಇಂಥ ಗೇಟಿಗಾಗಿಯೇ. ಸೀಟು ಏರಿಳಿಯುವುದನ್ನು ಕಣ್ಣಾರೆ ನೋಡಬೇಕಿದ್ದರೆ ಕುಜುಹಾ ಮಾಲ್‌ನಲ್ಲಿ ಈ ಗಾಡಿಯ ಮುಂಭಾಗವನ್ನು ಉಳಿಸಿಟ್ಟಿದ್ದಾರೆ.

ಅಲ್ಯೂಮಿನಿಯಂ:
ಬಣ್ಣ ಎರಡೂ ಸರಿ. ಹಳೆಯದು: ಮೇಲೆ ತಿಳಿ ಹಸಿರು, ಕೆಳಗೆ ಕಡು ಹಸಿರು. 2008ರ ನಂತರದ್ದು: ಮೇಲೆ ಕಡು ಹಸಿರು, ಕೆಳಗೆ ಬಿಳಿ, ನಡುವೆ ತಿಳಿ ಹಸಿರಿನ ಪಟ್ಟಿ. ಹೊಸ ಬಣ್ಣದಲ್ಲಿ ಕೊನೆಯ ತಿಂಗಳುಗಳ ಗಾಡಿ ಮಾಡುವುದಾದರೆ ಬೆಳಗಿನ ಓಟಕ್ಕೂ ಸೀಟು ಕೆಳಗೇ ಇರಬೇಕು.