ಹಲಸಿನ ಮರದ ಗಿಟಾರ್‌ಗೆ ಕಪ್ಪುಗಂದು ಬಣ್ಣ ಹಿಡಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸಾರ್. ನಾನು ಶಿರಸಿ ಕಡೆಯವನು. ಮನೆ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರದ ಹಲಗೆಗಳು 4 ವರ್ಷ ಅಟ್ಟದ ಮೇಲೆ ಒಣಗಿದ್ದವು. ಅದರಲ್ಲಿ ಟೆಲಿಕ್ಯಾಸ್ಟರ್ ಆಕಾರದ ಎಲೆಕ್ಟ್ರಿಕ್ ಗಿಟಾರ್ ಬಾಡಿ ಮಾಡಿದ್ದೇನೆ. 45 ಮಿ.ಮೀ. ದಪ್ಪ, ಎರಡು ಹಲಗೆ ಸೇರಿಸಿ ಫೆವಿಕಾಲ್ ಹಾಕಿ ಕೂಡಿಸಿದ್ದು. ನೆಕ್ (ತಂತಿ ಒತ್ತುವ ಉದ್ದನೆಯ ಕತ್ತು) ಮಾತ್ರ ರೆಡಿಮೇಡ್. ನನಗೆ ಬೇಕಾಗಿರುವುದು ನಮ್ಮ ಅಜ್ಜನ ಮನೆ ಕಂಬದ ಬಣ್ಣ, ಹತ್ತಿರ ಹೋದರೆ ಕಂದು, ದೂರದಿಂದ ಕಪ್ಪು. ಅಂಗಡಿಯಿಂದ ಮರಕ್ಕೆ ಬಣ್ಣ ಹಿಡಿಸುವ ಡಾರ್ಕ್ ವಾಲ್‌ನಟ್ ಸ್ಟೇನ್ ತಂದು ಹಿಂಬದಿಯ ಒಂದು ಮೂಲೆಯಲ್ಲಿ ಬಟ್ಟೆಯಿಂದ ಒರೆಸಿ ನೋಡಿದೆ. ಪಾಚಿ ಹತ್ತಿದ ಹಾಗೆ ಹಸಿರು ಛಾಯೆ ಬಂದಿದೆ. ಅಂಚು ಮಾತ್ರ ಇದ್ದಿಲಿನಷ್ಟು ಕಪ್ಪು. ಜೋಡಣೆ ಗೆರೆಯ ಪಕ್ಕ ಬೆರಳಗಲದ ಬಿಳಿ ಕಲೆ, ಅಲ್ಲಿ ಬಣ್ಣವೇ ಹಿಡಿದಿಲ್ಲ. ಸ್ಟೇನ್ ಸರಿ ಇಲ್ವಾ, ನಾನು ಹಚ್ಚಿದ್ದು ತಪ್ಪಾ? ಬೇರೆ ಡಬ್ಬ ತರಲಾ?

ಉತ್ತರ: ಆ ಡಬ್ಬ ಇಟ್ಟುಕೊಳ್ಳಿ, ಅದೂ ಬೇಕಾಗುತ್ತದೆ. ನೀವು ಹೇಳಿದ ಮೂರೂ ತೊಂದರೆಗೆ ಮೂರು ಬೇರೆ ಬೇರೆ ಕಾರಣ ಇವೆ.

ಮೊದಲು ಹಸಿರು. ಹಲಸಿನ ಚೇಗು, ಅಂದರೆ ಮರದ ಒಳತಿರುಳು, ಹಳದಿ. ಸುಮ್ನೆ ಮೇಲ್ನೋಟದ ಹಳದಿ ಅಲ್ಲ, ಆ ಬಣ್ಣ ಮರದಿಂದ ಇಳಿದು ಬರುತ್ತದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಹಲಸಿನ ಚಕ್ಕೆಯನ್ನೇ ಕುದಿಸುತ್ತಿದ್ದರು. ಅಂಥ ಹಳದಿಯ ಮೇಲೆ ಕಪ್ಪು ಬಿದ್ದರೆ ಹಸಿರಾಗಿಯೇ ಕಾಣುತ್ತದೆ, ಬೇಕಾದರೆ ಮಕ್ಕಳ ಪೇಂಟ್ ಡಬ್ಬಿಯಲ್ಲಿ ಕಲಸಿ ನೋಡಿ. ವಾಲ್‌ನಟ್ ಸ್ಟೇನ್‌ನಲ್ಲಿ ಕಪ್ಪು ಜಾಸ್ತಿ ಇರುತ್ತದೆ, ಕೆಂಪು ಕಡಿಮೆ. ಹಸಿರನ್ನು ಕೊಲ್ಲುವುದು ಕೆಂಪು. ಅದೇ ಕಂಪನಿಯ ಮಹಾಗನಿ ಅಥವಾ ರೋಸ್‌ವುಡ್ ಬಣ್ಣದ ಸ್ಟೇನ್ ಒಂದು ಸಣ್ಣ ಡಬ್ಬ ತನ್ನಿ. ಮೊದಲ ಕೈ (ಮೊದಲ ಪದರ) ಅದನ್ನೇ, ಅದರದೇ ತಿನ್ನರ್ ಹಾಕಿ ತೆಳುವಾಗಿ ಹಚ್ಚಿ. ಒಣಗಿದ ಮೇಲೆ ವಾಲ್‌ನಟ್. ಕೆಂಪು ಹಚ್ಚಿದಾಗ ನೋಡಿ ಗಾಬರಿ ಆಗಬೇಡಿ, ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ವಾಲ್‌ನಟ್ ಬಿದ್ದ ಮೇಲೆ ಕೆಂಪು ಕಾಣುವುದಿಲ್ಲ, ಕಂದು ಮಾತ್ರ ಬೆಚ್ಚಗೆ ಕಾಣುತ್ತದೆ.

ಇನ್ನು ಅಂಚು. ನೆಕ್ ಕೂರುವ ಕಡೆ ಮತ್ತು ಕೆಳಗಿನ ತುದಿಯಲ್ಲಿ ಮರ ಅಡ್ಡ ಕೊಯ್ದ ಹಾಗೆ ಇರುತ್ತದೆ ಅಲ್ವಾ, ಅಲ್ಲಿ ಮರದ ನಾಳಗಳೆಲ್ಲ ಬಾಯಿ ತೆರೆದು ನಿಂತಿರುತ್ತವೆ. ಕಟ್ಟು ಬಿಚ್ಚಿದ ಸ್ಟ್ರಾಗಳ ಹಾಗೆ ಬಣ್ಣ ಹೀರುತ್ತವೆ. ಅಂಚನ್ನು ಮಾತ್ರ 400 ನಂಬರ್ ಪೇಪರ್‌ವರೆಗೆ ಉಜ್ಜಿ. ಸ್ಟೇನ್ ಹಚ್ಚುವ ಅರ್ಧ ನಿಮಿಷ ಮೊದಲು ಅಂಚಿಗೆ ಬರೀ ತಿನ್ನರ್ ಒರೆಸಿ. ನಾಳಗಳು ಆಗಲೇ ತುಂಬಿದ್ದರೆ ಬಣ್ಣ ಆಳಕ್ಕೆ ಇಳಿಯುವುದಿಲ್ಲ.

ಬಿಳಿ ಕಲೆ ಫೆವಿಕಾಲ್‌ದು. ಕ್ಲ್ಯಾಂಪ್ ಬಿಗಿ ಮಾಡಿದಾಗ ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿರುತ್ತೀರಿ. ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಒರೆಸಿದಾಗ ಅಂಟು ತೆಳುವಾಗಿ ರಂಧ್ರದೊಳಗೆ ಹೋಗಿ ಕೂರುತ್ತದೆ. ಅಂಟು ಹೊರಗೆ ಬಂದರೆ ಬಿಟ್ಟುಬಿಡಿ, ಚೀಸ್‌ನಷ್ಟು ಗಟ್ಟಿಯಾದಾಗ ಉಳಿಯಿಂದ ಎಬ್ಬಿಸಿ ತೆಗೆಯಿರಿ. ಈಗ ಆಗಿರುವುದಕ್ಕೆ ಕಾರ್ಡ್ ಸ್ಕ್ರೇಪರ್ (ಮರ ಕೆರೆಯುವ ತೆಳು ಉಕ್ಕಿನ ತಗಡು) ಅಥವಾ ಹೊಸ ಬ್ಲೇಡ್ ನೆಟ್ಟಗೆ ಹಿಡಿದು ಕೆರೆಯುವುದೊಂದೇ ದಾರಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸಾರ್. ಹಾಗಾದರೆ ಮೊದಲಿನಿಂದ ಶುರು ಮಾಡುತ್ತೇನೆ. ಉಜ್ಜುವುದರಿಂದ ಹಿಡಿದು ಒಮ್ಮೆ ಕ್ರಮವಾಗಿ ಹೇಳುತ್ತೀರಾ? 600 ಪೇಪರ್‌ವರೆಗೆ ಉಜ್ಜಿದರೆ ಇನ್ನೂ ನುಣುಪಾಗುತ್ತೆ ಅಲ್ವಾ?

ಉತ್ತರ: ಬಾಡಿಯ ಮುಖಕ್ಕೆ 600 ಬೇಡವೇ ಬೇಡ. ಅಷ್ಟು ನುಣುಪಾದರೆ ಬಣ್ಣಕ್ಕೆ ಹಿಡಿದುಕೊಳ್ಳಲು ಜಾಗ ಇರುವುದಿಲ್ಲ, ಒರೆಸಿದರೆ ಬಂದುಬಿಡುತ್ತದೆ. 120, 180, 220, ಅಲ್ಲಿಗೆ ನಿಲ್ಲಿಸಿ. ಒಂದು ನಂಬರ್ ಕೂಡ ಹಾರಿಸಬೇಡಿ. 120ರ ಗೀರು ಬರಿಗಣ್ಣಿಗೆ ಕಾಣುವುದಿಲ್ಲ, ಗಾಢ ಸ್ಟೇನ್ ಬಿದ್ದ ಕೂಡಲೇ ಬೆಕ್ಕು ಪರಚಿದ ಹಾಗೆ ಎದ್ದು ನಿಲ್ಲುತ್ತದೆ. ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ.

220 ಆದ ಮೇಲೆ ಇಡೀ ಬಾಡಿಗೆ ಒದ್ದೆ ಬಟ್ಟೆ ಆಡಿಸಿ. ಬಾಡಿಯನ್ನು ಕಿಟಕಿ ಹತ್ತಿರ ಹಿಡಿದು, ಬೆಳಕು ಅಡ್ಡ ಬೀಳುವ ಹಾಗೆ ಓರೆ ಮಾಡಿ ನೋಡಿ. ಗೀರು, ಅಂಟು ಎಲ್ಲ ಆಗ ಸಿಕ್ಕಿಬೀಳುತ್ತವೆ. ಒದ್ದೆಯಾದಾಗ ಮರದ ಮೇಲೆ ಸಣ್ಣ ರೋಮ ಏಳುತ್ತದೆ. ಪೂರ್ತಿ ಒಣಗಿದ ಮೇಲೆ 220ರಿಂದ ಹಗುರವಾಗಿ ಎರಡು ಸಲ ಸವರಿ.

ಆಮೇಲಿನದು ಎಲ್ಲಕ್ಕಿಂತ ಮುಖ್ಯ. ಬಾಡಿ ಕೊಯ್ದಾಗ ಉಳಿದ ತುಂಡು ಇದೆಯಲ್ಲ, ಅದೇ ಹಲಗೆಯದು, ಅದನ್ನು ಬಾಡಿಯಷ್ಟೇ ಶ್ರದ್ಧೆಯಿಂದ ಉಜ್ಜಿ ನಾಲ್ಕು ಪಟ್ಟಿ ಮಾಡಿ. ಒಂದಕ್ಕೆ ಬರೀ ವಾಲ್‌ನಟ್, ಒಂದಕ್ಕೆ ಕೆಂಪಿನ ಮೇಲೆ ವಾಲ್‌ನಟ್ ಒಂದು ಕೈ, ಒಂದಕ್ಕೆ ಎರಡು ಕೈ, ಒಂದಕ್ಕೆ ಕೆಂಪು ಇನ್ನೂ ತೆಳು. ಎಲ್ಲದರ ಮೇಲೂ ಕೊನೆಯ ಪಾಲಿಶ್ ಕೂಡ ಹಚ್ಚಿ ನೋಡಿ, ಏಕೆಂದರೆ ಸ್ಟೇನ್ ಒಣಗಿದಾಗ ಬೂದಿ ಬಳಿದ ಹಾಗೆ ಮಂಕಾಗಿ ಕಾಣುತ್ತದೆ. ಬಹಳ ಜನ ಅಲ್ಲೇ ಹೆದರಿ ಮತ್ತೊಂದು ಕೈ, ಮತ್ತೊಂದು ಕೈ ಎಂದು ಹಚ್ಚುತ್ತಾ ಮರದ ಎಳೆಯನ್ನೇ ಮುಚ್ಚಿಬಿಡುತ್ತಾರೆ. ಒಬ್ಬರು ತಂದುಕೊಟ್ಟ ಗಿಟಾರ್ ಬಾಡಿಗೆ ನಾನೂ ಹೀಗೇ ಮಾಡಿದ್ದೆ, ಕೆಲಸ ಕಲಿತ ಹೊಸದರಲ್ಲಿ. ಎಲ್ಲ ಕೆರೆದು ತೆಗೆಯಲು ಎರಡು ದಿನ ಬೇಕಾಯಿತು, ಆ ಎರಡು ದಿನ ಇವತ್ತಿಗೂ ನೆನಪಿದೆ.

ಹಚ್ಚುವಾಗ ಹಳೆ ಬನಿಯನ್ ಬಟ್ಟೆ ಒಳ್ಳೆಯದು, ನೂಲು ಬಿಡುವುದಿಲ್ಲ. ಪಿಕಪ್ (ತಂತಿಯ ಕಂಪನ ಹಿಡಿಯುವ ಮ್ಯಾಗ್ನೆಟ್ ಭಾಗ) ಕೂರುವ ಗುಂಡಿ ಮತ್ತು ನೆಕ್ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಾಕಿ. ಒಂದು ಸಲಕ್ಕೆ ಒಂದು ಮುಖ ಮಾತ್ರ. ಅಂಗಡಿಯ ಸ್ಟೇನ್ ಬೇಗ ಒಣಗುತ್ತದೆ, ಅರ್ಧ ಒಣಗಿದ ಗೆರೆಯ ಮೇಲೆ ಮತ್ತೆ ಬಟ್ಟೆ ಬಿದ್ದರೆ ಆ ಗೆರೆ ಹಾಗೇ ಉಳಿದುಬಿಡುತ್ತದೆ. ಧಾರಾಳವಾಗಿ ಹಚ್ಚಿ, ತಡಮಾಡದೆ ಒಣ ಬಟ್ಟೆಯಿಂದ ಎಳೆಯ ಉದ್ದಕ್ಕೆ ಒರೆಸಿ. ಒರೆಸುವುದರಲ್ಲಿ ಜಿಪುಣತನ ಬೇಡ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಅಕೂಸ್ಟಿಕ್ ಗಿಟಾರ್ ಕಿಟ್, ಮೇಲಿನ ಹಲಗೆ ಸ್ಪ್ರೂಸ್ ಎಂಬ ಮೆದು ಮರದ್ದು. ಅದಕ್ಕೂ ಇದೇ ರೀತಿ ಗಾಢ ಬಣ್ಣ ಹಾಕಬಹುದಾ?

ಉತ್ತರ: ಮೇಲಿನ ಹಲಗೆಗೆ ದಯವಿಟ್ಟು ಬೇಡ. ಸ್ಪ್ರೂಸ್‌ನಲ್ಲಿ ಗೆರೆ ಗಟ್ಟಿ, ಗೆರೆಗಳ ನಡುವಿನ ಭಾಗ ಮೆತ್ತಗೆ. ಮೆತ್ತಗಿನ ಭಾಗ ಬಣ್ಣ ಕುಡಿಯುತ್ತದೆ, ಗಟ್ಟಿ ಗೆರೆ ಕುಡಿಯುವುದಿಲ್ಲ. ಕಪ್ಪಾಗಿರಬೇಕಾದ ಗೆರೆ ಬೆಳ್ಳಗೆ, ಬೆಳ್ಳಗಿರಬೇಕಾದದ್ದು ಕಪ್ಪಗೆ, ಫೋಟೋದ ನೆಗೆಟಿವ್ ನೋಡಿದ ಹಾಗೆ ಆಗುತ್ತದೆ. ಬಣ್ಣ ಬೇಕೇ ಬೇಕು ಎಂದರೆ ಸೀಲರ್ (ಮರದ ರಂಧ್ರ ಮುಚ್ಚುವ ಮೊದಲ ಪದರ) ಹೊಡೆದ ಮೇಲೆ ಹೊಳಪಿನ ಲ್ಯಾಕರ್‌ನಲ್ಲೇ ಬಣ್ಣ ಬೆರೆಸಿ ಸ್ಪ್ರೇ ಮಾಡಿಸಿ, ಅದೂ ತೆಳುವಾಗಿ. ಅಕೂಸ್ಟಿಕ್‌ನಲ್ಲಿ ನಾದ ಹುಟ್ಟುವುದೇ ಆ ಹಲಗೆ ಅದುರುವುದರಿಂದ, ಅದರ ಮೇಲೆ ದಪ್ಪ ಪದರ ಹೇರಿದರೆ ಸ್ವರ ಬಿಗಿಯುತ್ತದೆ. ಹಿಂಬದಿ ಮತ್ತು ಪಕ್ಕಕ್ಕೆ ಗಾಢ ಬಣ್ಣ ಹಾಕಿ ಮುಂದೆ ಹಾಗೇ ಬಿಡಿ, ಚೆನ್ನಾಗಿರುತ್ತದೆ. ಅಗ್ಗದ ಕಿಟ್ ಆದರೆ ಹಿಂಬದಿ ಪ್ಲೈವುಡ್ ಇರುತ್ತದೆ, ಮೇಲಿನ ಪದರ ಕಾಗದದಷ್ಟು ತೆಳು. ಜಾಸ್ತಿ ಉಜ್ಜಬೇಡಿ.

ಮತ್ತೊಬ್ಬರು: ಸ್ಟೀಲ್ ವುಲ್ (ಉಕ್ಕಿನ ಎಳೆಗಳ ಉಂಡೆ) ವಿನೆಗರ್‌ನಲ್ಲಿ ನೆನೆಸಿ ಹಚ್ಚಿದರೆ ಮರ ಕಪ್ಪಾಗುತ್ತದಂತೆ, ಖರ್ಚೂ ಇಲ್ಲ. ಅದು ಆಗಲ್ವಾ ಅಣ್ಣಾ?

ಉತ್ತರ: ಆಗುತ್ತದೆ, ಆದರೆ ಅದು ಬಣ್ಣವಲ್ಲ. ಕಬ್ಬಿಣವು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಕಪ್ಪಾಗುವುದು, ಚಹಾ ಲೋಟದಲ್ಲಿ ತುಕ್ಕು ಮೊಳೆ ಬಿದ್ದರೆ ಕಪ್ಪಾಗುವ ಹಾಗೆ. ಟ್ಯಾನಿನ್ ಕಡಿಮೆ ಇರುವ ಮರಕ್ಕೆ ಮೊದಲು ಕಡು ಚಹಾ ಡಿಕಾಕ್ಷನ್ ಹಚ್ಚಬೇಕು. ಬರುವುದು ಬೂದು ಮಿಶ್ರಿತ ಕಪ್ಪು, ಇವರಿಗೆ ಬೇಕಾದ ಬೆಚ್ಚನೆಯ ಕಂದು ಅಲ್ಲ. ಸ್ಟೀಲ್ ವುಲ್ ಬಗ್ಗೆ ಇನ್ನೊಂದು ಮಾತು: ಪಿಕಪ್ ಇರುವ ಗಿಟಾರ್ ಹತ್ತಿರ ಅದನ್ನು ಉಜ್ಜಬೇಡಿ. ಅದರ ಪುಡಿ ಮ್ಯಾಗ್ನೆಟ್‌ಗೆ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ.

ಪ್ರಶ್ನೆ ಕೇಳಿದವರು: ಸಾರ್, ನೀವು ಹೇಳಿದ ಹಾಗೆ ನಾಲ್ಕು ಪಟ್ಟಿ ಮಾಡಿದೆ. ಮೂರನೆಯದು ಕಂಬದ ಪಕ್ಕ ಹಿಡಿದು ನೋಡಿದರೆ ಹೆಚ್ಚುಕಡಿಮೆ ಅದೇ! ಬಾಡಿಗೂ ಹಚ್ಚಿ 2 ದಿನ ಆಯಿತು. ಆದರೆ ಕೈಯಲ್ಲಿ ಮುಟ್ಟಿದರೆ ಬೆರಳಿಗೆ ಬಣ್ಣ ಅಂಟುತ್ತದೆ. ಇಲ್ಲಿ ಮಳೆ ಬಿಟ್ಟೇ ಇಲ್ಲ. ಮೇಲೆ ಏನು ಹಚ್ಚಲಿ? ನನ್ನ ಹತ್ತಿರ ಸ್ಪ್ರೇ ಗನ್ ಇಲ್ಲ.

ಉತ್ತರ: ಖುಷಿ ಆಯಿತು! ಬೆರಳಿಗೆ ಅಂಟುತ್ತಿರುವುದು ಒರೆಸದೆ ಉಳಿದ ಬಣ್ಣ. ಬಟ್ಟೆಗೆ ಒಂಚೂರು ತಿನ್ನರ್ ಮುಟ್ಟಿಸಿ ಒಂದೇ ಸಲ ಹಗುರವಾಗಿ ಸವರಿ, ಮತ್ತೆ ಒಣಗಲು ಬಿಡಿ. ಮಳೆಗಾಲದಲ್ಲಿ ದಿನ ಎಣಿಸಬೇಡಿ, ಮೂಗಿನಿಂದ ನೋಡಿ. ಹತ್ತಿರ ಹಿಡಿದಾಗ ತಿನ್ನರ್ ವಾಸನೆ ಬಂದರೆ ಇನ್ನೂ ಒಣಗಿಲ್ಲ.

ಈ ಮಳೆಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬೇಡ. ತಿನ್ನರ್ ಬೇಗ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ. ಅಲ್ಲದೆ ಬ್ರಷ್‌ನಿಂದ ಹಚ್ಚಿದರೆ ಕೆಳಗಿನ ಸ್ಟೇನ್ ಎಳೆದುಕೊಂಡು ಬರುತ್ತದೆ. ನಿಮಗೆ ಎಣ್ಣೆ ಪಾಲಿಶ್ ಸರಿ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಸಿಗುತ್ತದೆ. ಮೊದಲು ಆ ಮೂರನೇ ಪಟ್ಟಿಯ ಮೇಲೆ ಹಚ್ಚಿ ನೋಡಿ, ಬಣ್ಣ ಏಳದಿದ್ದರೆ ಬಾಡಿಗೆ. ಬಟ್ಟೆಯಿಂದ ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ. ಕೈಗಳ ನಡುವೆ ಎರಡು ಮೂರು ದಿನ ಬಿಡಿ. ಮೂರು ನಾಲ್ಕು ಕೈ ಸಾಕು. ಹಲಸಿನ ರಂಧ್ರಗಳು ಹಾಗೇ ತೆರೆದಿರುತ್ತವೆ, ಕಂಬದಲ್ಲೂ ಹಾಗೇ ಇರುತ್ತದೆ ಅಲ್ವಾ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಮರದ ಮನೆ, ಅಟ್ಟದಲ್ಲಿ ಹಲಗೆ, ಹುಷಾರು. ನೀರಲ್ಲಿ ಅದ್ದಿ, ಮನೆ ಹೊರಗೆ ಕಲ್ಲಿನ ಮೇಲೆ ಹರಡಿ ಒಣಗಿಸಿ.

ತಂಜಾವೂರು ವೀಣೆ ಮಾಡುವುದೂ ಹಲಸಿನ ಮರದಲ್ಲೇ. ಬಣ್ಣ ಹಾಕದೆ ಬಿಟ್ಟರೂ ಈ ಮರ ವರ್ಷ ಕಳೆದಂತೆ ತಾನೇ ಕಂದಾಗುತ್ತದೆ. ಅದಕ್ಕೇ ನಾಲ್ಕನೇ ಕೈಯಲ್ಲೂ ಬಣ್ಣ ಸ್ವಲ್ಪ ತಿಳಿ ಎನಿಸಿದರೆ ಹಾಗೇ ಬಿಡಿ. ತಂತಿ ಹಾಕಿದ ದಿನ ಕಂಬದ ಪಕ್ಕ ನಿಲ್ಲಿಸಿ ಒಂದು ಫೋಟೋ ಹಾಕಿ.